ಜೈವಿಕ ಅರ್ಥವ್ಯವಸ್ಥೆ: ಗೇರು ಮರದಡಿ ಒಂದು ಪಾಠ



ಈಚಿನ ವರ್ಷಗಳಲ್ಲಿ ಕೃಷಿ ಮೇಳಗಳಲ್ಲಿ, ರೇಡಿಯೋ ಭಾಷಣಗಳಲ್ಲಿ, ಸರಕಾರದ ಪ್ರಕಟಣೆಗಳಲ್ಲಿ ಕೆಲವು ಮಾತುಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತಿವೆ. ಜೈವಿಕ ಅರ್ಥವ್ಯವಸ್ಥೆ, ಚಕ್ರೀಯ ಅರ್ಥವ್ಯವಸ್ಥೆ, ಹಸಿರು ಅರ್ಥವ್ಯವಸ್ಥೆ, ಸುಸ್ಥಿರ ಅಭಿವೃದ್ಧಿ. ಇವೆಲ್ಲ ಒಂದೇ ವಿಚಾರದ ನಾಲ್ಕು ಹೆಸರುಗಳೋ ಅಥವಾ ನಾಲ್ಕು ಬೇರೆ ವಿಚಾರಗಳೋ ಎಂಬುದು ಕೇಳುವವರಿಗೆ ಬಿಡಿ, ಹೇಳುವವರಿಗೂ ಕೆಲವೊಮ್ಮೆ ಸ್ಪಷ್ಟವಿರುವುದಿಲ್ಲ.

"ಇವು ಓದಿದವರ ಮಾತುಗಳು, ಗುದ್ದಲಿ ಹಿಡಿಯುವ ನಮಗೇಕೆ?" ಎಂದು ನೀವು ಕೇಳಬಹುದು. ಕಾರಣವಿದೆ. ನಾಳೆ ನಮ್ಮ ಯಾವ ಬೆಳೆಗೆ ಗಿರಾಕಿ ಇರುತ್ತದೆ, ಯಾವುದಕ್ಕೆ ಸಹಾಯಧನ ಸಿಗುತ್ತದೆ, ಯಾವ ಕಾರ್ಖಾನೆ ನಮ್ಮ ಊರಿಗೆ ಬರುತ್ತದೆ ಎಂಬುದು ಇಂಥ ಮಾತುಗಳ ಹೆಸರಿನಲ್ಲಿಯೇ ತೀರ್ಮಾನವಾಗುತ್ತಿದೆ. ಕೇಂದ್ರ ಸಚಿವ ಸಂಪುಟವು 2024ರ ಆಗಸ್ಟ್ ತಿಂಗಳಲ್ಲಿ ಜೈವಿಕ ತಂತ್ರಜ್ಞಾನದ ಉತ್ಪಾದನೆಗಾಗಿ 'ಬಯೋ-ಇ-3' ಎಂಬ ನೀತಿಯನ್ನು ಒಪ್ಪಿತು. 2030ರ ಹೊತ್ತಿಗೆ ದೇಶದ ಜೈವಿಕ ಅರ್ಥವ್ಯವಸ್ಥೆಯ ಗಾತ್ರವನ್ನು 30 ಸಾವಿರ ಕೋಟಿ ಡಾಲರಿಗೆ ಮುಟ್ಟಿಸಬೇಕೆಂಬುದು ಸರಕಾರದ ಗುರಿ. ಇಷ್ಟು ದೊಡ್ಡ ಲೆಕ್ಕದಲ್ಲಿ ಬೆಳೆಗಾರನ ಪಾಲೇನು, ಅವನ ಮನೆಮಂದಿಯ ಆರೋಗ್ಯದ ಗತಿಯೇನು ಎಂದು ನಾವು ಕೇಳಬೇಕಾದರೆ ಮೊದಲು ಮಾತಿನ ಅರ್ಥ ತಿಳಿದಿರಬೇಕು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನಮಗೆ ಗೊತ್ತಿರುವ ಗಾದೆ. ಹಾಗೆಯೇ ಗಿಡಮರದಿಂದ ಬಂದುದೆಲ್ಲ ಹಸಿರಲ್ಲ. ಈ ಒಂದು ಪಾಠವನ್ನು ನಮ್ಮ ಕಾಸರಗೋಡಿನ ಗುಡ್ಡಗಳ ಗೇರು ಮರ ಬೇರಾರಿಗಿಂತಲೂ ಚೆನ್ನಾಗಿ ಕಲಿಸುತ್ತದೆ.

ಮಾತು ಹುಟ್ಟಿದ ಬಗೆ

ಜೈವಿಕ ಅರ್ಥವ್ಯವಸ್ಥೆ ಎಂದರೆ ಜೀವವಿರುವ ಮೂಲಗಳಿಂದ ನಮ್ಮ ಅಗತ್ಯಗಳನ್ನು ಪೂರೈಸುವ ವ್ಯವಸ್ಥೆ. ಬೆಳೆ, ಮರ, ಜಾನುವಾರು, ಮೀನು, ಅಣಬೆ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಇದರ ಮೂಲ. ಆಹಾರ ಮಾತ್ರವಲ್ಲ, ಬಟ್ಟೆ, ಔಷಧ, ಇಂಧನ, ಬಣ್ಣ, ಅಂಟು, ಪ್ಲಾಸ್ಟಿಕ್ಕಿಗೆ ಬದಲಾಗಿ ಬಳಸುವ ವಸ್ತು ಎಲ್ಲವೂ ಇದರಲ್ಲಿ ಸೇರುತ್ತವೆ. ನೆಲದೊಳಗಿನಿಂದ ತೆಗೆಯುವ ಪೆಟ್ರೋಲಿಯಂ ಮತ್ತು ಕಲ್ಲಿದ್ದಲನ್ನು ಆದಷ್ಟು ಬಿಟ್ಟು, ಮತ್ತೆ ಬೆಳೆಯಬಲ್ಲ ವಸ್ತುಗಳನ್ನು ಬಳಸುವುದು ಇದರ ಉದ್ದೇಶ.

ಹಾಗೆ ನೋಡಿದರೆ ನಮ್ಮ ಅಜ್ಜ ಅಜ್ಜಿಯರು ಬದುಕಿದ್ದು ಪೂರ್ತಿ ಜೈವಿಕ ಅರ್ಥವ್ಯವಸ್ಥೆಯಲ್ಲಿಯೇ. ಮುಳಿಹುಲ್ಲಿನ ಮಾಡು, ಕತ್ತದ ಹಗ್ಗ, ಗೆರಟೆಯ ಸೌಟು, ಹಾಳೆಯ ಮುಟ್ಟಾಳೆ, ಮಡಲಿನ ತಟ್ಟಿ. ಇವುಗಳಲ್ಲಿ ಯಾವುದೂ ಮಣ್ಣಿಗೆ ಸೇರದೆ ಉಳಿಯಲಿಲ್ಲ. ಇಂದಿನ ಮಾತಿನಲ್ಲಿ ಹೊಸತಾದುದು ಪ್ರಯೋಗಾಲಯ, ಕಾರ್ಖಾನೆ ಮತ್ತು ದೊಡ್ಡ ಮಾರುಕಟ್ಟೆ.

ಈ ವಿಚಾರಕ್ಕೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಪ್ರಮುಖರು ರೊಮೇನಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅರ್ಥಶಾಸ್ತ್ರಜ್ಞ ನಿಕೊಲಸ್ ಜಾರ್ಜೆಸ್ಕು-ರೇಗನ್. 1971ರಲ್ಲಿ ಪ್ರಕಟವಾದ ಅವರ ಗ್ರಂಥದ ಸಾರವನ್ನು ನಮ್ಮ ಒಲೆಯ ಮುಂದೆ ನಿಂತು ತಿಳಿಯಬಹುದು. ಸೌದೆ ಉರಿದರೆ ಬೂದಿ, ಹೊಗೆ ಮತ್ತು ಶಾಖವಾಗುತ್ತದೆ. ಆ ಬೂದಿಯನ್ನು ಹಿಂದಕ್ಕೆ ಸೌದೆ ಮಾಡಲು ಯಾರಿಂದಲೂ ಆಗದು. ಮನುಷ್ಯನ ಎಲ್ಲ ವ್ಯಾಪಾರವೂ ಹೀಗೆಯೇ ಪ್ರಕೃತಿಯ ಒಂದು ದಾಸ್ತಾನನ್ನು ಕರಗಿಸುತ್ತದೆ. ಆದುದರಿಂದ ಅರ್ಥವ್ಯವಸ್ಥೆಗೆ ಒಂದು ಮಿತಿ ಇರಲೇಬೇಕು ಎಂಬುದು ಅವರ ವಾದ.

ಆದರೆ 2009ರಲ್ಲಿ ಶ್ರೀಮಂತ ದೇಶಗಳ ಒಕ್ಕೂಟವಾದ ಓಇಸಿಡಿ ಮತ್ತು 2012ರಲ್ಲಿ ಐರೋಪ್ಯ ಒಕ್ಕೂಟ ಈ ವಿಚಾರವನ್ನು ಎತ್ತಿಕೊಂಡಾಗ ಅದರ ಒತ್ತು ಬೇರೆಯಾಯಿತು. ಜೀವವಿಜ್ಞಾನದ ಬಲದಿಂದ ಹೊಸ ಉದ್ದಿಮೆ, ಹೊಸ ಉದ್ಯೋಗ, ಹೊಸ ಬೆಳವಣಿಗೆ ಎಂಬುದು ಮುಂದೆ ಬಂತು. ಮಿತಿಯ ಮಾತು ಹಿಂದೆ ಸರಿಯಿತು. 2018ರಲ್ಲಿ ಐರೋಪ್ಯ ಒಕ್ಕೂಟ ತನ್ನ ನೀತಿಯನ್ನು ತಿದ್ದಿ ಬರೆಯುವಾಗ, ಇದು ಸುಸ್ಥಿರವೂ ಚಕ್ರೀಯವೂ ಆಗಿರಬೇಕೆಂದು ಸೇರಿಸಬೇಕಾಯಿತು. ಜೈವಿಕ ಎಂಬ ಒಂದೇ ಶಬ್ದ ಸಾಲದೆಂದು ಇದರಿಂದಲೇ ತಿಳಿಯುತ್ತದೆ.

ನೆಂಟರ ಪರಿಚಯ

ಈ ಕುಟುಂಬದಲ್ಲಿ ಹಿರಿಯ ಮಾತು ಸುಸ್ಥಿರ ಅಭಿವೃದ್ಧಿ. ನಾರ್ವೆಯ ಗ್ರೊ ಹಾರ್ಲೆಮ್ ಬ್ರುಂಟ್‌ಲ್ಯಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗ 1987ರಲ್ಲಿ ಕೊಟ್ಟ ವರದಿಯಿಂದ ಇದು ಲೋಕಪ್ರಸಿದ್ಧವಾಯಿತು. ಮುಂದಿನ ತಲೆಮಾರಿನ ಅಗತ್ಯಕ್ಕೆ ಕುತ್ತು ತರದೆ ಇಂದಿನ ಅಗತ್ಯ ಪೂರೈಸುವುದು ಇದರ ಅರ್ಥ. ಎಷ್ಟೇ ಹಸಿವಿದ್ದರೂ ಬಿತ್ತನೆಗೆ ತೆಗೆದಿಟ್ಟ ಭತ್ತವನ್ನು ಕುಟ್ಟಿ ಉಣ್ಣಬಾರದೆಂಬ ನಮ್ಮ ಹಿರಿಯರ ಕಟ್ಟಳೆಯೂ ಇದೇ. ಇದು ತಲುಪಬೇಕಾದ ಊರು. ಉಳಿದ ಮೂರು ಆ ಊರಿಗೆ ಹೋಗುವ ದಾರಿಗಳು.

ಹಸಿರು ಅರ್ಥವ್ಯವಸ್ಥೆ ಎಂಬ ಮಾತು 1989ರಲ್ಲಿ ಬ್ರಿಟನ್ನಿನಲ್ಲಿ ಡೇವಿಡ್ ಪಿಯರ್ಸ್ ಮತ್ತು ಅವರ ಇಬ್ಬರು ಸಂಗಾತಿಗಳು ಬರೆದ ಪುಸ್ತಕದಿಂದ ಬಳಕೆಗೆ ಬಂತು. ಗಾಳಿ, ನೀರು, ಕಾಡು, ಮಣ್ಣು ಕೆಟ್ಟರೆ ಆ ನಷ್ಟವನ್ನೂ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು ಎಂಬುದು ಇದರ ತಿರುಳು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2008ರಲ್ಲಿ ಇದನ್ನು ಮುಂದಕ್ಕೆ ತಂದಿತು. 2012ರ ರಿಯೋ ಸಮ್ಮೇಳನದ ಮುಖ್ಯ ವಿಷಯಗಳಲ್ಲಿ ಇದೂ ಒಂದಾಗಿತ್ತು.

ಚಕ್ರೀಯ ಅರ್ಥವ್ಯವಸ್ಥೆಯನ್ನು ತಿಳಿಯಲು ನಮ್ಮ ಹಟ್ಟಿಯೇ ಸಾಕು. ಗುಡ್ಡದ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ತೋಟಕ್ಕೆ ಮತ್ತು ಗದ್ದೆಗೆ, ಗದ್ದೆಯ ಬೈಹುಲ್ಲು ಮತ್ತೆ ಹಟ್ಟಿಗೆ. ಒಂದರ ಕಸ ಇನ್ನೊಂದರ ಆಹಾರ. ಪೇಟೆಯ ಉದ್ದಿಮೆಯಲ್ಲಾದರೋ ವಸ್ತು ಒಂದೇ ದಿಕ್ಕಿಗೆ ಹೋಗುತ್ತದೆ: ತೆಗೆ, ಮಾಡು, ಬಳಸು, ಬಿಸಾಡು. ಈ ನೇರ ದಾರಿಯನ್ನು ಬಗ್ಗಿಸಿ ಚಕ್ರ ಮಾಡಬೇಕೆಂಬುದು ಚಕ್ರೀಯ ಅರ್ಥವ್ಯವಸ್ಥೆ. ಚೀನಾ ದೇಶ 2008ರಲ್ಲಿ ಇದಕ್ಕಾಗಿ ಕಾನೂನನ್ನೇ ಮಾಡಿತು. 2015ರ 'ಲೌದಾತೊ ಸಿ' ವಿಶ್ವಪರಿಪತ್ರದಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು, ಗಿಡದಿಂದ ಪ್ರಾಣಿಗೂ ಪ್ರಾಣಿಯಿಂದ ಮತ್ತೆ ಗಿಡಕ್ಕೂ ಸಾಗುವ ಪ್ರಕೃತಿಯ ಈ ಕ್ರಮವನ್ನು ನಮ್ಮ ಕೈಗಾರಿಕೆ ಇನ್ನೂ ಕಲಿತಿಲ್ಲವೆಂದು ಎತ್ತಿ ತೋರಿಸಿದ್ದರು.

ಈಗ ಸಂಬಂಧ ನೋಡೋಣ. ಚಕ್ರೀಯ ಅರ್ಥವ್ಯವಸ್ಥೆಯಲ್ಲಿ ಕಬ್ಬಿಣ, ಗಾಜು, ಪ್ಲಾಸ್ಟಿಕ್ಕೂ ಸೇರುತ್ತವೆ, ಅವು ಜೈವಿಕವಲ್ಲ. ಜೈವಿಕ ವಸ್ತುವನ್ನು ಒಮ್ಮೆ ಬಳಸಿ ಸುಟ್ಟುಬಿಟ್ಟರೆ ಅದು ಜೈವಿಕ ಹೌದು, ಚಕ್ರೀಯವಲ್ಲ. ಎರಡೂ ಸೇರುವ ಜಾಗಕ್ಕೆ ಚಕ್ರೀಯ ಜೈವಿಕ ಅರ್ಥವ್ಯವಸ್ಥೆ ಎನ್ನುತ್ತಾರೆ. ಹಸಿರು ಅರ್ಥವ್ಯವಸ್ಥೆ ಇವೆರಡಕ್ಕೂ ಮೇಲೆ ಹಿಡಿದ ಕೊಡೆಯಂತೆ. 2017ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜೊತೆಗಾರರು ಸುಮಾರು ಎರಡು ಸಾವಿರ ಲೇಖನಗಳನ್ನು ಪರಿಶೀಲಿಸಿ ಹೆಚ್ಚುಕಡಿಮೆ ಇದೇ ಚಿತ್ರವನ್ನು ಕೊಟ್ಟರು. ಚಕ್ರೀಯದ ಗಮನ ಹೆಚ್ಚಾಗಿ ಪೇಟೆ ಮತ್ತು ಕಾರ್ಖಾನೆಯ ಕಡೆಗೆ, ಜೈವಿಕದ ಗಮನ ಹೊಸ ಉತ್ಪನ್ನ ಮತ್ತು ಹಳ್ಳಿಗಾಡಿನ ಕಡೆಗೆ, ಹಸಿರಿನದು ಎಲ್ಲಕ್ಕೂ ವಿಶಾಲ. ಆದರೆ ಬೆಳವಣಿಗೆಗೆ ಮಿತಿ ಬೇಡವೇ ಎಂಬ ಪ್ರಶ್ನೆಯನ್ನು ಮೂರೂ ಸರಿಯಾಗಿ ಎದುರಿಸಿಲ್ಲ ಎಂದೂ ಅವರು ಕಂಡುಕೊಂಡರು.

ನೆನಪಿಟ್ಟುಕೊಳ್ಳಲು ಹೀಗೆ ಹೇಳಬಹುದು:

1. ವಸ್ತು ಎಲ್ಲಿಂದ ಬಂತು? ಇದು ಜೈವಿಕದ ಪ್ರಶ್ನೆ.
2. ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ? ಇದು ಚಕ್ರೀಯದ ಪ್ರಶ್ನೆ.
3. ದಾರಿಯಲ್ಲಿ ಏನನ್ನು ಕೆಡಿಸಿತು? ಇದು ಹಸಿರಿನ ಪ್ರಶ್ನೆ.
4. ಲಾಭ ಯಾರಿಗೆ, ನೋವು ಯಾರಿಗೆ, ಮಕ್ಕಳಿಗೆ ಉಳಿಯುವುದೇನು? ಇದು ಸುಸ್ಥಿರತೆಯ ಪ್ರಶ್ನೆ.

ಈ ನಾಲ್ಕು ಪ್ರಶ್ನೆಗಳನ್ನು ಒಂದು ಗೇರು ಮರಕ್ಕೆ ಕೇಳಿ ನೋಡೋಣ.

ಗೇರು ಮರಕ್ಕೆ ನಾಲ್ಕು ಪ್ರಶ್ನೆ

ಮೊದಲನೆಯ ಪ್ರಶ್ನೆಯಲ್ಲಿ ಗೇರು ಮರ ಸುಲಭವಾಗಿ ತೇರ್ಗಡೆಯಾಗುತ್ತದೆ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ತಂದ ಈ ಮರ, ಬೇರೇನೂ ಬೆಳೆಯದ ಮುರಕಲ್ಲಿನ ಗುಡ್ಡದಲ್ಲೂ ನಿಲ್ಲುತ್ತದೆ. ಬೀಜದ ತೂಕದಲ್ಲಿ ಸುಮಾರು ಕಾಲು ಭಾಗವಷ್ಟೇ ತಿನ್ನುವ ತಿರುಳು. ಸಿಪ್ಪೆಯಿಂದ ಗೇರೆಣ್ಣೆ ತೆಗೆಯುತ್ತಾರೆ. ಅದು ಬಣ್ಣ, ವಾರ್ನಿಷು, ಅಂಟು ಮಾತ್ರವಲ್ಲದೆ ವಾಹನಗಳ ಬ್ರೇಕಿನ ಪಟ್ಟಿಯಲ್ಲೂ ಬಳಕೆಯಾಗುತ್ತದೆ. ಪೆಟ್ರೋಲಿಯಂನಿಂದ ಮಾಡುವ ರಾಸಾಯನಿಕಕ್ಕೆ ಬದಲಾಗಿ ಮರದ ಎಣ್ಣೆ ಎಂದರೆ ಜೈವಿಕ ಅರ್ಥವ್ಯವಸ್ಥೆಯ ಪಠ್ಯಪುಸ್ತಕದ ಉದಾಹರಣೆ.

ಎರಡನೆಯ ಪ್ರಶ್ನೆಯಲ್ಲಿ ಅರ್ಧ ಅಂಕ ಕೊಡಬೇಕು. ಎಣ್ಣೆ ತೆಗೆದ ಸಿಪ್ಪೆಯ ಹಿಂಡಿ ಕಾರ್ಖಾನೆಯ ಒಲೆಗೆ ಹೋಗುತ್ತದೆ, ಅದು ಸರಿ. ಆದರೆ ಹಣ್ಣು? ಗೇರು ಹಣ್ಣಿನ ತೂಕ ಬೀಜದ ಐದರಿಂದ ಹತ್ತು ಪಟ್ಟು. ಬೀಜ ತಿರುಚಿ ತೆಗೆದು ಹಣ್ಣನ್ನು ಮರದಡಿಯಲ್ಲೇ ಕೊಳೆಯಲು ಬಿಡುವುದು ನಮ್ಮಲ್ಲಿ ವಾಡಿಕೆ. ಗೋವೆಯವರು ಅದೇ ಹಣ್ಣಿನಿಂದ ಫೆನಿ ಇಳಿಸಿ, 2009ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದರು. ಮದ್ಯವೇ ಆಗಬೇಕೆಂದಿಲ್ಲ. ಕಿತ್ತಳೆಗಿಂತಲೂ ಹೆಚ್ಚು ಸಿ ಜೀವಸತ್ವ ಈ ಹಣ್ಣಿನಲ್ಲಿದೆ. ರಸಕ್ಕೆ ಸಾಬಕ್ಕಿಯ ಗಂಜಿ ಅಥವಾ ಅನ್ನದ ಗಂಜಿ ಬೆರೆಸಿ ಇಟ್ಟರೆ ಗಂಟಲು ಕೆರೆಯುವ ಒಗರು ಅಡಿಗೆ ಇಳಿಯುತ್ತದೆ. ಮೇಲಿನ ತಿಳಿಯಿಂದ ಶರಬತ್ತು ಮಾಡಬಹುದು. 1986ರಲ್ಲಿ ಪುತ್ತೂರಿನಲ್ಲಿ ಆರಂಭವಾದ ಗೇರು ಸಂಶೋಧನಾ ಕೇಂದ್ರ ಇಂಥ ಬಳಕೆಗಳ ಬಗ್ಗೆಯೂ ಕೆಲಸ ಮಾಡಿದೆ.

ಮೂರನೆಯ ಪ್ರಶ್ನೆಗೆ ಬಂದಾಗ ನಾವು ತಲೆ ತಗ್ಗಿಸಬೇಕಾಗುತ್ತದೆ. ಕಾಸರಗೋಡಿನ ಗುಡ್ಡಗಳಲ್ಲಿ ಕೇರಳ ಸರಕಾರದ ತೋಟ ನಿಗಮಕ್ಕೆ ಸೇರಿದ ಸಾವಿರಾರು ಹೆಕ್ಟೇರ್ ಗೇರು ತೋಟವಿದೆ. ಚಿಗುರನ್ನೂ ಹೂವನ್ನೂ ಹೀರಿ ಒಣಗಿಸುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ವರೆಗೆ ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ನಮ್ಮ ನೆಲದ ರಚನೆ ನಿಮಗೆ ಗೊತ್ತು. ತೋಟ ಮೇಲೆ ಗುಡ್ಡದಲ್ಲಿ, ಮನೆ ಕೆಳಗೆ ಕಣಿವೆಯಲ್ಲಿ. ಕುಡಿಯುವ ನೀರು ಬರುವುದು ಅದೇ ಗುಡ್ಡದ ಹೊಟ್ಟೆಯಿಂದ, ಸುರಂಗದಿಂದ, ತೋಡಿನಿಂದ, ತೆರೆದ ಬಾವಿಯಿಂದ. ಮೇಲೆ ಬಿದ್ದದ್ದು ಕೆಳಗೆ ಬರದೆ ಇರುತ್ತದೆಯೇ?

ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಮೊದಲಾದ ಪಂಚಾಯತುಗಳಲ್ಲಿ ಅಂಗವಿಕಲ ಮಕ್ಕಳು, ಬುದ್ಧಿ ಬೆಳವಣಿಗೆಯ ತೊಂದರೆ, ಅಪಸ್ಮಾರ, ಚರ್ಮರೋಗ, ಸಂತಾನಕ್ಕೆ ಸಂಬಂಧಿಸಿದ ಸಮಸ್ಯೆಗಳು ಅಸಹಜವಾಗಿ ಹೆಚ್ಚಿವೆ ಎಂದು ಊರಿನ ವೈದ್ಯರೂ ಕೃಷಿಕರೂ ಪತ್ರಕರ್ತರೂ ಹೇಳತೊಡಗಿದರು. ಪಡ್ರೆ ಗ್ರಾಮದ ಸ್ವರ್ಗ ಎಂಬ ಊರಿನ ಹೆಸರು ನೋವಿನ ಕಾರಣಕ್ಕಾಗಿ ಲೋಕಕ್ಕೆ ತಿಳಿಯಿತು. 2000ದಲ್ಲಿ ನ್ಯಾಯಾಲಯದ ತಡೆಯಾಜ್ಞೆಯಿಂದ ಆಕಾಶದ ಸಿಂಪಡಣೆ ನಿಂತಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ಜಗತ್ತಿನಿಂದಲೇ ತೊಡೆಯಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ, ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಅದೇ ನ್ಯಾಯಾಲಯ ಕೇರಳ ಸರಕಾರಕ್ಕೆ ಆದೇಶಿಸಿತು.

ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ಗಮನಿಸಬೇಕು. ಆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಗೇರು ಬೀಜ ಜೈವಿಕ ಉತ್ಪನ್ನವೇ ಆಗಿತ್ತು. ಮಾರಾಟದ ಹಣ ಲೆಕ್ಕದ ಪುಸ್ತಕದಲ್ಲಿ ಆದಾಯವೆಂದು ಬರೆಯಲ್ಪಟ್ಟಿತು. ಹಾಸಿಗೆ ಬಿಟ್ಟೇಳದ ಮಗುವನ್ನು ನೋಡಿಕೊಳ್ಳಲು ಕೂಲಿ ಬಿಟ್ಟು ಮನೆಯಲ್ಲಿ ಕುಳಿತ ತಾಯಿಯ ನಷ್ಟ ಯಾವ ಪುಸ್ತಕದಲ್ಲೂ ಬರಲಿಲ್ಲ. ಹಸಿರು ಅರ್ಥವ್ಯವಸ್ಥೆಯವರು ಆ ನಷ್ಟವನ್ನೂ ಬರೆಯಿರಿ ಎನ್ನುವುದು ಇದಕ್ಕಾಗಿಯೇ. ಆದಾಯ ಒಬ್ಬರ ಪುಸ್ತಕದಲ್ಲಿ, ವೆಚ್ಚ ಇನ್ನೊಬ್ಬರ ಮೈಯಲ್ಲಿ ಎಂದಾದರೆ ಅದು ಅರ್ಥವ್ಯವಸ್ಥೆಯಲ್ಲ, ಅನ್ಯಾಯ.

ಟೀ ಸೊಳ್ಳೆಗೆ ಬೇರೆ ಉಪಾಯವಿರಲಿಲ್ಲವೇ? ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಯನ್ನು ನಾವೆಲ್ಲ ಬಲ್ಲೆವು. ಅದು ಈ ಕೀಟವನ್ನು ಹಿಡಿದು ತಿನ್ನುತ್ತದೆ. ಆಸ್ಟ್ರೇಲಿಯಾದ ಗೇರು ತೋಟಗಳಲ್ಲಿ ಈ ಜಾತಿಯ ಇರುವೆಯನ್ನೇ ಸಾಕಿ ಕೀಟವನ್ನು ಹತೋಟಿಯಲ್ಲಿಟ್ಟ ಪ್ರಯೋಗಗಳು ನಡೆದಿವೆ. ಕೊಯ್ಲಿನವರಿಗೆ ಕಚ್ಚುತ್ತದೆ ಎಂಬ ತೊಂದರೆ ಇದೆ ನಿಜ. ಆದರೆ ಇರುವೆ ಕಚ್ಚಿದ ಉರಿ ಒಂದು ಗಳಿಗೆಯದು.

ನಾಲ್ಕನೆಯ ಪ್ರಶ್ನೆ ಬೀಜ ಸುಲಿಯುವ ಹೆಣ್ಣುಮಕ್ಕಳದು. ಸಿಪ್ಪೆಯ ಸೊನೆ ಕೈ ಸುಡುತ್ತದೆ, ಬೊಬ್ಬೆ ಏಳುತ್ತದೆ. ಬೂದಿ, ಹರಳೆಣ್ಣೆ ಅಥವಾ ತೆಂಗಿನೆಣ್ಣೆ ಹಚ್ಚಿಕೊಂಡು ಕೆಲಸ ಮಾಡುವುದು ಹಳೆಯ ಕ್ರಮ. ಕೈಗವಸು ಕೊಡುವುದು ಮಾಲಕರ ಕರ್ತವ್ಯ. ಬಿಳಿ ತಿರುಳನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ತಿನ್ನುವವರು ಈ ಕಪ್ಪಾದ ಬೆರಳುಗಳನ್ನು ನೆನೆಯಬೇಕು.

ಸೌದೆ ಮತ್ತು ಜೋಳ

ಇನ್ನೂ ಎರಡು ಉದಾಹರಣೆಗಳಿಂದ ಪಾಠವನ್ನು ಗಟ್ಟಿ ಮಾಡಿಕೊಳ್ಳೋಣ.

ಸೌದೆಗಿಂತ ಹಳೆಯ ಜೈವಿಕ ಇಂಧನ ಇನ್ನೊಂದಿಲ್ಲ. ಆದರೂ ಹೊಗೆ ತುಂಬಿದ ಅಡಿಗೆಮನೆ ಕಣ್ಣಿಗೂ ಶ್ವಾಸಕೋಶಕ್ಕೂ ಶತ್ರು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಐದು ವರ್ಷದೊಳಗಿನ ಮಕ್ಕಳೂ ಇದ್ದರು. ಅದೇ ಜೈವಿಕ ಮೂಲವನ್ನು ಗೋಬರ್ ಗ್ಯಾಸಿನ ಮೂಲಕ ಬಳಸಿದರೆ ಹೊಗೆಯೂ ಇಲ್ಲ, ಗೊಬ್ಬರವೂ ಕೈಬಿಡುವುದಿಲ್ಲ. 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ, ಅಂದರೆ ನಾಲ್ಕೈದು ದನ ಬೇಕು. ಒಂದು ಘನ ಮೀಟರ್ ಗೋಬರ್ ಗ್ಯಾಸು ಸುಮಾರು 430 ಗ್ರಾಂ ಅಡಿಗೆ ಅನಿಲಕ್ಕೆ ಸಮ. ಹಾಗಾದರೆ ಪೂರ್ತಿ ಗ್ಯಾಸು ಬರುವ ಸ್ಥಾವರದಿಂದ ತಿಂಗಳಿಗೆ ಸುಮಾರು 25 ಕಿಲೋ, ಎರಡು ಸಿಲಿಂಡರಿಗೆ ಸ್ವಲ್ಪ ಕಡಿಮೆ. ಹೊರಬರುವ ಬಗ್ಗಡ ತೋಟಕ್ಕೆ ಉತ್ತಮ ಗೊಬ್ಬರ. ಇಲ್ಲಿ ಜೈವಿಕ, ಚಕ್ರೀಯ, ಹಸಿರು ಮೂರೂ ಒಂದೇ ಹಟ್ಟಿಯಲ್ಲಿ ಕೂಡುತ್ತವೆ.

ಎರಡನೆಯದು ಮೆಕ್ಕೆಜೋಳ. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ನಮ್ಮ ದೇಶ 2025ರಲ್ಲಿ ಮುಟ್ಟಿತು. ಕಬ್ಬಿನ ಜೊತೆಗೆ ಮೆಕ್ಕೆಜೋಳ, ಅಕ್ಕಿಯಿಂದಲೂ ಎಥನಾಲ್ ತೆಗೆಯುತ್ತಾರೆ. ಬೆಳೆಗಾರರಿಗೆ ಒಳ್ಳೆಯ ಬೆಲೆ ಸಿಕ್ಕಿತು, ಪೆಟ್ರೋಲಿನ ಆಮದಿನ ಖರ್ಚು ಉಳಿಯಿತು. ಆದರೆ ಹಿಂದೆ ಮೆಕ್ಕೆಜೋಳ ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ರಫ್ತಿಗಿಂತ ಹೆಚ್ಚು ಆಮದು ಮಾಡಿತು. ಕೋಳಿ ಸಾಕುವವರು ಆಹಾರದ ಬೆಲೆ ಏರಿತೆಂದು ದೂರಿದರು. ಒಂದೇ ಎಕರೆಯಿಂದ ವಾಹನದ ಹೊಟ್ಟೆಯನ್ನೂ ಮನುಷ್ಯನ ಹೊಟ್ಟೆಯನ್ನೂ ತುಂಬಿಸಲು ಹೊರಟರೆ ಹೀಗಾಗುವುದು ಸಹಜ.

ಇದಕ್ಕಾಗಿ ತಜ್ಞರು ಒಂದು ಸರದಿಯನ್ನು ಹೇಳುತ್ತಾರೆ. ಮೊದಲು ಮನುಷ್ಯರ ಆಹಾರ, ಆಮೇಲೆ ಜಾನುವಾರಿನ ಮೇವು, ಆಮೇಲೆ ಬಾಳುವ ವಸ್ತು, ಕಟ್ಟಕಡೆಗೆ ಇಂಧನ. ಎಲ್ಲ ಹಂತದಲ್ಲೂ ಉಳಿದದ್ದು ಮಣ್ಣಿಗೆ. ತೆಂಗಿನಕಾಯಿಯನ್ನೇ ನೋಡಿ. ತಿರುಳು ಅಡಿಗೆಗೆ, ಹಿಂಡಿ ದನಕ್ಕೆ, ಕತ್ತ ಹಗ್ಗಕ್ಕೆ, ಗೆರಟೆ ಸೌಟಿಗೆ ಅಥವಾ ಇದ್ದಲಿಗೆ. ಇದ್ದಲಿನಿಂದ ನೀರು ಶುದ್ಧಮಾಡುವ ಇಂಗಾಲವೂ ಆಗುತ್ತದೆ. ಗೆರಟೆಯನ್ನು ಮೊದಲ ದಿನವೇ ಬಚ್ಚಲ ಒಲೆಗೆ ಹಾಕುವವನು ಸರದಿಯ ಕೊನೆಯಿಂದ ಊಟ ಶುರುಮಾಡಿದ ಹಾಗೆ.

ನಮ್ಮ ಅಡಿಕೆ, ನಮ್ಮ ತೋಟ

ಈಗ ಕಷ್ಟದ ಮಾತಿಗೆ ಬರೋಣ. ನಮ್ಮಲ್ಲಿ ಅನೇಕರ ಮನೆಯ ಒಲೆ ಉರಿಯುವುದು, ಮಕ್ಕಳ ಶಾಲೆಯ ಫೀಸು ಕಟ್ಟುವುದು ಅಡಿಕೆಯಿಂದ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು. ಹೊಗೆಸೊಪ್ಪು ಇಲ್ಲದ ಎಲೆಯಡಿಕೆಯೂ ಅದೇ ಗುಂಪಿನಲ್ಲಿದೆ. ಅದೇ ಸಂಸ್ಥೆ 2024ರಲ್ಲಿ ಹೊರತಂದ ಅಧ್ಯಯನದ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 83,400 ಬಾಯಿ ಕ್ಯಾನ್ಸರ್ ಪ್ರಕರಣಗಳಿಗೆ ಜಗಿಯುವ ತಂಬಾಕು ಮತ್ತು ಅಡಿಕೆ ಕಾರಣ. ಬೆಳೆಗಾರರಾದ ನಮಗೆ ಇದು ಕಹಿ. ಆದರೆ ಕಹಿಯೆಂದು ಮುಚ್ಚಿಟ್ಟರೆ ರೋಗ ಹೋಗುವುದಿಲ್ಲ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಖಾರ ತಾಗಿದರೆ ಉರಿ, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮಕ್ಕಳ ಕೈಗೆ ಅಡಿಕೆಯ ಪೊಟ್ಟಣ ಸಿಗದಂತೆ ನೋಡಿಕೊಳ್ಳಬೇಕು.

ಹಾಳೆ ತಟ್ಟೆಯ ಕತೆಯೂ ಇದರೊಡನೆ ಸೇರಿದೆ. ಪ್ಲಾಸ್ಟಿಕ್ ತಟ್ಟೆಗೆ ಬದಲಾಗಿ ಮರದಿಂದ ತಾನೇ ಬಿದ್ದ ಹಾಳೆಯ ತಟ್ಟೆ ಎಂದರೆ ಜೈವಿಕವೂ ಹೌದು, ಮಣ್ಣಿಗೆ ಸೇರುವುದರಿಂದ ಚಕ್ರೀಯವೂ ಹೌದು. ಹಲವು ಮನೆಗಳಿಗೆ ಅದರಿಂದ ಅನ್ನ ಸಿಕ್ಕಿದೆ. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಹಾಳೆಯಲ್ಲಿರುವ ಅಡಿಕೆಯ ಸಾರಾಂಶಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣ ಕೊಟ್ಟು ಇವುಗಳ ಆಮದನ್ನು ತಡೆಯುವ ಎಚ್ಚರಿಕೆ ಹೊರಡಿಸಿತು. ತಲೆತಲಾಂತರದಿಂದ ಹಾಳೆಯಲ್ಲಿ ಉಂಡವರು ನಾವು ಎಂದು ಸಿಟ್ಟಾಗುವುದರಿಂದ ಪ್ರಯೋಜನವಿಲ್ಲ. ಬಿಸಿ ಸಾರು, ಹುಳಿ ಪದಾರ್ಥಗಳಿಗೆ ಎಷ್ಟು ಅಂಶ ಇಳಿಯುತ್ತದೆ ಎಂದು ನಮ್ಮ ಪ್ರಯೋಗಾಲಯಗಳೇ ಪರೀಕ್ಷಿಸಿ ಹೇಳುವಂತೆ ಸಹಕಾರ ಸಂಘಗಳ ಮೂಲಕ ಒತ್ತಾಯಿಸುವುದು ಸರಿಯಾದ ದಾರಿ. ಮೂರನೆಯ ಪ್ರಶ್ನೆಗೆ ಉತ್ತರ ಹುಡುಕುವ ಹೊಣೆ ನಮ್ಮದೇ.

ನಮ್ಮ ಕೈಯಲ್ಲಿರುವ ಕೆಲಸಗಳೂ ಇವೆ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕಿಲೋ ಸೊಪ್ಪು ಮತ್ತು 12 ಕಿಲೋ ಗೊಬ್ಬರ ಎಂಬುದು ಸಂಶೋಧನಾ ಸಂಸ್ಥೆಯ ಶಿಫಾರಸು. ಅಡಿಕೆ ಮಾರಿದಾಗ ತೋಟದ ಸತ್ವದ ಒಂದು ಪಾಲು ಲಾರಿ ಹತ್ತಿ ಹೋಗುತ್ತದೆ. ಸೋಗೆ, ಸಿಪ್ಪೆ, ಹಾಳೆ ಇವನ್ನೂ ಮಾರಿದರೆ ಅಥವಾ ಸುಟ್ಟರೆ ಉಳಿದ ಪಾಲೂ ಹೋಗುತ್ತದೆ. ಕೃಷಿಯ ಕಸಕ್ಕೆ ಬೆಲೆ ಬಂತೆಂದು ಎಲ್ಲವನ್ನೂ ತೋಟದಿಂದ ಹೊರಗೆ ಸಾಗಿಸುವುದು ಜೈವಿಕ ವ್ಯಾಪಾರವಾಗಬಹುದು, ಆದರೆ ಚಕ್ರವನ್ನು ಮುರಿಯುತ್ತದೆ. ಮಾರುವ ಮೊದಲು ಮಣ್ಣಿನ ಪಾಲು ತೆಗೆದಿಡಿ.

1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾಗಿ, 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಕಾಸರಗೋಡಿನ ಸಂಸ್ಥೆ ತೆಂಗಿನ ಮಡಲಿನಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದೆ. ಒಂದು ಹೆಕ್ಟೇರ್ ಒಳ್ಳೆಯ ತೆಂಗಿನ ತೋಟದಿಂದ ವರ್ಷಕ್ಕೆ 6ರಿಂದ 8 ಟನ್ ಮಡಲು ಸಿಗುತ್ತದೆ. ಎರಡು ಮೂರು ತಿಂಗಳು ಮಳೆ ಬಿಸಿಲಿಗೆ ಬಿದ್ದು ಮೆತ್ತಗಾದ ಮಡಲಿಗೆ ಹತ್ತರಲ್ಲಿ ಒಂದು ಪಾಲು ಸೆಗಣಿ ಬೆರೆಸಬೇಕು. ಟನ್ನಿಗೆ ಒಂದು ಕಿಲೋದಂತೆ ಯೂಡ್ರಿಲಸ್ ಜಾತಿಯ ಎರೆಹುಳು ಬಿಟ್ಟು, ನೆರಳಿನಲ್ಲಿ ತೇವ ಆರದಂತೆ ನೋಡಿಕೊಂಡರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಇರುವೆ ಮತ್ತು ಇಲಿಯ ಕಾಟದ ಮೇಲೆ ಕಣ್ಣಿರಲಿ.

ಕೊಳೆರೋಗಕ್ಕೆ ಬೋರ್ಡೋ ಬಿಡುವಾಗಲೂ ನೆನಪಿಡಿ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಅಳತೆ ಮೀರಬೇಡಿ. ಎಲೆಯಿಂದ ತೊಳೆದು ಇಳಿದ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ. ಅದನ್ನು ಯಾವ ಹುಳುವೂ ತಿಂದು ಕರಗಿಸುವುದಿಲ್ಲ.

ನಮ್ಮವರೇ ಒಬ್ಬರು ಹೇಳಿದ್ದು

ಈ ಎಲ್ಲ ಹೊಸ ಮಾತುಗಳ ಬೇರು ಹುಡುಕಲು ವಿದೇಶಕ್ಕೇ ಹೋಗಬೇಕಾಗಿಲ್ಲ. ತಂಜಾವೂರಿನ ಕ್ರೈಸ್ತ ಕುಟುಂಬದಲ್ಲಿ 1892ರಲ್ಲಿ ಹುಟ್ಟಿದ ಜೆ. ಸಿ. ಕುಮಾರಪ್ಪನವರು ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತು, ಅಮೆರಿಕದಲ್ಲಿ ಅರ್ಥಶಾಸ್ತ್ರ ಓದಿ, ಗಾಂಧೀಜಿಯ ಜೊತೆ ಗ್ರಾಮೋದ್ಯೋಗದ ಕೆಲಸಕ್ಕೆ ನಿಂತರು. ಕಲ್ಲಿದ್ದಲು, ಎಣ್ಣೆ, ಅದಿರುಗಳದು ತೊಟ್ಟಿಯ ನೀರಿನಂಥ ಸಂಪತ್ತು, ತೆಗೆದಷ್ಟೂ ಬರಿದಾಗುತ್ತದೆ. ಬೆಳೆ, ಮರಗಳದು ಹರಿಯುವ ತೋಡಿನಂಥ ಸಂಪತ್ತು ಎಂದು ಅವರು ಬಿಡಿಸಿ ಹೇಳಿದರು. ಜೈವಿಕ ಅರ್ಥವ್ಯವಸ್ಥೆಯ ಮೂಲ ಇದೇ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಸೆರೆಮನೆಯಲ್ಲಿ ಬರೆದು 1945ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಬದುಕುವ ರೀತಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಟ್ಟರು. ಮರಕ್ಕೆ ಏನನ್ನೂ ಮಾಡದೆ ಹಣ್ಣು ಕಿತ್ತು ತಿನ್ನುವ ಮಂಗನದು ಒಂದು ರೀತಿ. ಮಕರಂದ ಕುಡಿಯುತ್ತ ಹೂವನ್ನು ಕಾಯಿಯಾಗಿಸುವ ಜೇನ್ನೊಣದ್ದು ಅದಕ್ಕಿಂತ ಮೇಲಿನ ರೀತಿ. ಫಲ ಬಯಸದೆ ಮರಿಗೆ ಉಣಿಸುವ ತಾಯಿಯದು ಎಲ್ಲಕ್ಕೂ ಮೇಲು.

ಮಂಗನೂ ಜೇನೂ ತಿನ್ನುವುದು ಮರದಿಂದಲೇ. ಇಬ್ಬರದೂ ಜೈವಿಕವೇ. ವ್ಯತ್ಯಾಸವಿರುವುದು ತಿಂದ ಮೇಲೆ ಮರ ಏನಾಯಿತು ಎಂಬುದರಲ್ಲಿ.

ಮನೆಯಲ್ಲಿ, ವಾಳೆಯ ಕೂಟದಲ್ಲಿ ಚರ್ಚಿಸಲು

1. ನಮ್ಮ ತೋಟದಿಂದ ವರ್ಷಕ್ಕೆ ಏನೇನು ಹೊರಗೆ ಹೋಗುತ್ತದೆ, ಏನೇನು ಮಣ್ಣಿಗೆ ಮರಳುತ್ತದೆ? ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆಯಿರಿ.
2. ನಾವು ಬಳಸುವ ಮದ್ದು ಸಿಂಪಡಿಸಿದ ಮೇಲೆ ಯಾರ ಬಾವಿಯ ಕಡೆಗೆ ಹರಿಯುತ್ತದೆ?
3. ಸೌದೆ ಒಲೆಯಿರುವ ಮನೆಗಳಲ್ಲಿ ಹೊಗೆ ಹೊರಹೋಗುವ ವ್ಯವಸ್ಥೆ ಇದೆಯೇ? ದನವಿರುವ ಮನೆಗಳಲ್ಲಿ ಗೋಬರ್ ಗ್ಯಾಸು ಯಾಕೆ ನಿಂತಿದೆ?
4. ಬರುವ ಬೇಸಗೆಯಲ್ಲಿ ವಾಳೆಯ ಮಹಿಳೆಯರು ಒಟ್ಟಾಗಿ ಗೇರು ಹಣ್ಣಿನ ಶರಬತ್ತು ಮಾಡಬಹುದೇ?
5. ಎಂಡೋಸಲ್ಫಾನ್ ಬಾಧಿತ ಕುಟುಂಬ ನಮ್ಮ ನೆರೆಯಲ್ಲಿದ್ದರೆ, ಪರಿಹಾರ, ಪಿಂಚಣಿ, ಚಿಕಿತ್ಸೆ ಅವರಿಗೆ ತಲುಪಿದೆಯೇ ಎಂದು ಹೋಗಿ ವಿಚಾರಿಸಿದ್ದೇವೆಯೇ?

ಹೊಸ ಬೆಳೆ, ಹೊಸ ಕಾರ್ಖಾನೆ, ಹೊಸ ಯೋಜನೆಯನ್ನು ಹಿಡಿದು ಯಾರಾದರೂ ನಮ್ಮ ಅಂಗಳಕ್ಕೆ ಬಂದಾಗ ಕುಡಿಯಲು ನೀರು ಬೆಲ್ಲ ಕೊಟ್ಟು ಕುಳ್ಳಿರಿಸೋಣ. ಆಮೇಲೆ ನಾಲ್ಕು ಪ್ರಶ್ನೆಗಳನ್ನೂ ಕೇಳೋಣ. ಮೊದಲನೆಯದಕ್ಕೆ ಮಾತ್ರ ಉತ್ತರ ಸಿಕ್ಕಿದರೆ ಸಹಿ ಹಾಕಲು ಅವಸರ ಬೇಡ.